ಹರಿದು ಬುಟ್ಟಿಗೆ ಹಾಕಿದ ನಷ್ಟದ ಕಾಗದಗಳ ಬಗ್ಗೆ

ಈ ದಿನ ಬೆಳಿಗ್ಗೆ ಕೊಟ್ಟ ದೂರಿನಲ್ಲಿ ಹೆಸರಿರುವವನು ನಾನೇ. ವಯಸ್ಸು 53 ವರ್ಷ. ಬೀಗ ರಿಪೇರಿ ಮತ್ತು ಕೀಲಿ ಮಾಡುವ ಕೆಲಸ. ವಾಸ, ಅಂಚೆ ಕಚೇರಿಯ ಹಿಂದಿನ ಓಣಿ, ಎರಡನೇ ಮಹಡಿ. ಮತ್ತೆ ವಿಚಾರಿಸಲಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಐದು ವರ್ಷಗಳಿಂದ ಫೋನಿನಲ್ಲಿ ಷೇರು ವ್ಯಾಪಾರ ಮಾಡುತ್ತಿದ್ದೇನೆ. ಮೊದಲ ನಾಲ್ಕು ವರ್ಷಗಳಲ್ಲಿ ಮೂರು ಲಕ್ಷ ಎಂಬತ್ತು ಸಾವಿರ ಕಳೆದುಕೊಂಡೆ. ಹೆಂಡತಿಗೆ ಹೊಸ ಹೊಲಿಗೆ ಯಂತ್ರ ಕೊಡಿಸಲು ತೆಗೆದಿಟ್ಟಿದ್ದ ಹಣವೂ ಅದರಲ್ಲಿ ಹೋಯಿತು. ಯಂತ್ರದ ಬೆಲೆ ಇಳಿಯಲಿ ಎಂದು ಆಕೆಗೆ ಹೇಳುತ್ತಾ ಬಂದೆ. ಷೇರು ದಲ್ಲಾಳಿ ಕಂಪನಿಯಿಂದ ವರ್ಷಕ್ಕೊಮ್ಮೆ ಬರುವ ನಷ್ಟದ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕುತ್ತಿದ್ದೆ. ಬೀಗ ಬಿಚ್ಚುವುದೇ ಕಸುಬಾದ ನನಗೆ ಬೀರುವಿನ ಮೇಲೆ ನಂಬಿಕೆ ಇಲ್ಲ.

ಈ ವರ್ಷ ತೊಂಬತ್ತು ಸಾವಿರ ಲಾಭ ಬಂತು. ಇದನ್ನೂ ಮನೆಯಲ್ಲಿ ಹೇಳಲಿಲ್ಲ. ನಮ್ಮ ತೆರಿಗೆ ಕಾಗದಗಳನ್ನು ಪ್ರತಿ ವರ್ಷ ಹೆಂಡತಿಯೇ ಒಬ್ಬ ಲೆಕ್ಕಿಗರ ಬಳಿ ಒಯ್ಯುತ್ತಾಳೆ. ಆಕೆಗೆ ಗೊತ್ತಾಗಬಾರದೆಂದು ನಾನು ಇಂದು 10.05ಕ್ಕೆ ಬೇರೊಬ್ಬ ಲೆಕ್ಕಿಗರ ಬಳಿ ಹೋದೆ. ಹಳೇ ನಷ್ಟವನ್ನು ಈ ಲಾಭದಲ್ಲಿ ಕಳೆಯಬಹುದೇ ಎಂದು ಕೇಳಿದೆ. ಆಯಾ ವರ್ಷ ಗಡುವಿನೊಳಗೆ ತೋರಿಸಿದ್ದರೆ ಮಾತ್ರ ಎಂದರು. ನಾನು ತೋರಿಸಿರಲಿಲ್ಲ. ಅವರು ಕಂಪ್ಯೂಟರ್ ನೋಡಿ, ನಾಲ್ಕೂ ವರ್ಷದ್ದು ಪೈಸೆ ಬಿಡದೆ ತೋರಿಸಿದೆಯಲ್ಲ, ತಮಾಷೆ ಮಾಡ್ತಿದ್ದೀರಾ ಎಂದು ಕೇಳಿದರು.

ಯಾರೋ ನನ್ನ ಸಹಿ ನಕಲು ಮಾಡಿದ್ದಾರೆ ಎಂದು 11.20ಕ್ಕೆ ಈ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟೆ. ಕಸ ಒಯ್ಯುವ ಹೆಂಗಸು ಈಚೆಗೆ ನನ್ನನ್ನು ಕಂಡರೆ ನಗುತ್ತಾಳೆ, ಆದ್ದರಿಂದ ಆಕೆಯ ಮೇಲೆ ಗುಮಾನಿ ಎಂದು ಬರೆಸಿದೆ. ಮೇಲಿನ ಮನೆಯವರ ಮೇಲೂ, ಹಳೇ ಲೆಕ್ಕಿಗರ ಮೇಲೂ ಬರೆಸಿದೆ. ಹೆಂಡತಿಯ ಮೇಲೆ ಬರೆಸಲಿಲ್ಲ. ಆಕೆಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಠಾಣೆಯಿಂದ ಕರೆ ಹೋದ ಮೇಲೆ 3.10ಕ್ಕೆ ಹಳೇ ಲೆಕ್ಕಿಗರು ಫೈಲು ತಂದರು. ಜೊತೆಗೆ ನನ್ನ ಹೆಂಡತಿಯೂ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಠಾಣೆಯ ಸಾಹೇಬರು ಫೈಲು ಬಿಚ್ಚಿದರು. ನಾನು ಹರಿದ ಕಾಗದಗಳು ಅದರಲ್ಲಿದ್ದವು. ನಾಲ್ಕು ಚೂರನ್ನೂ ಅಂಚಿಗೆ ಅಂಚು ಕೂಡಿಸಿ, ಹಿಂದೆ ಶರ್ಟಿನ ಕಾಲರಿಗೆ ಹಾಕುವ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಹಾಕಿ ಅಂಟಿಸಲಾಗಿತ್ತು. ಅಷ್ಟು ನೀಟಾಗಿ ಈ ಕೆಲಸ ಮಾಡುವ ಕೈ ನನಗೆ ಗೊತ್ತು. ನನಗೆ ತುಂಬಾ ನಾಚಿಕೆಯಾಯಿತು.

ತೆರಿಗೆ ಕಾಗದದ ಮೇಲಿನ ಸಹಿ ಯಾರದು ಎಂದು ಸಾಹೇಬರು ಕೇಳಿದರು. ಹೆಂಡತಿ, ಇವರದೇ ಸಾರ್, ಪ್ರತಿ ವರ್ಷ ಎದುರಿಗಿಟ್ಟು ಓದಿ ಸಹಿ ಹಾಕಿ ಅಂದಿದ್ದೀನಿ, ಇವರು ಫೋನಿಂದ ಕಣ್ಣು ಕೀಳ್ಲೇ ಇಲ್ಲ, ಪೆನ್ನಿಗೆ ಕೈ ಚಾಚಿದ್ರು ಅಷ್ಟೇ ಎಂದಳು. ಓದಿದ್ದರೆ ಅವತ್ತೇ ಮಾತಾಡಿ ಮುಗಿಸ್ತಿದ್ವಿ, ನೀವಾಗೇ ಹೇಳ್ತೀರಿ ಅಂತ ನಾಲ್ಕು ವರ್ಷ ಕಾದೆ ಎಂದು ನನಗೆ ಹೇಳಿದಳು. ಅಷ್ಟರಲ್ಲಿ ಸಾಹೇಬರು ಬೆಳಿಗ್ಗೆಯ ದೂರನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ ನಾನು ಬರೆಸಿದ್ದ ತೊಂಬತ್ತು ಸಾವಿರ ಲಾಭ ಎಂಬಲ್ಲಿ ಆಕೆ ನನ್ನ ಕಡೆ ತಿರುಗಿದಳು. ನಷ್ಟ ಕಸದ ಬುಟ್ಟೀಲಿ ಸಿಕ್ತು, ಲಾಭ ಪೊಲೀಸ್ ಠಾಣೇಲಿ ಸಿಕ್ತು, ಇನ್ನೇನೇನು ಎಲ್ಲೆಲ್ಲಿದೆ ಎಂದು ಕೇಳಿದಳು. ಆಕೆ 3.40ಕ್ಕೆ ಒಬ್ಬಳೇ ಹೊರಟುಹೋದಳು.

ನಾಲ್ಕೂ ಸಹಿಗಳು ನನ್ನವೇ. ಯಾರೂ ನಕಲು ಮಾಡಿಲ್ಲ. ಮೂವರ ಮೇಲಿನ ಗುಮಾನಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಕಸ ಒಯ್ಯುವವಳಿಗೆ ಈ ವಿಷಯ ತಿಳಿಸಬಾರದಾಗಿ ಕೋರುತ್ತೇನೆ.

ಇದರಲ್ಲಿರುವುದೆಲ್ಲ ನಾನು ಹೇಳಿದ್ದೇ, ಹೇಳಿದ್ದೆಲ್ಲ ನಿಜ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ, ಮುಂದಿನ ಕೋಣೆ
ದಿನ: ಇದೇ ತಿಂಗಳ 14, ಸಂಜೆ 4.25
(ಸಹಿ)