ಪೆತ್ರೋನಾ ಅತ್ತೆಯ ಕುರ್ಚಿ

ನಗಬೇಡಿ. ಇದು ನಮ್ಮ ಪಕ್ಕದ ಮನೆ ನೊಹೆಮಿಗೇ ಆದದ್ದು, ಮಗ್ದಲೇನಾ ನದಿ ದಂಡೆಯ ನಮ್ಮ ಬೀದಿಯಲ್ಲೇ.

ಸರಿರಾತ್ರಿ. ಬರೆದ ಹಾಳೆಗಳ ಚೀಲ ಬಗಲಲ್ಲಿಟ್ಟುಕೊಂಡು ಬಾವಿ ದಾಟಿ ಒಬ್ಬಳೇ ಬರ್ತಿದ್ದಳು. ಕಿರ್... ಕಿರ್... ರಾಟೆ ತಿರುಗಿದ ಸದ್ದು. ನೋಡಿದರೆ ರಾಟೆಗೆ ಹಗ್ಗವೇ ಇಲ್ಲ. ಬೇರೆ ದಿನವಾಗಿದ್ದರೆ ಓಡುತ್ತಿದ್ದಳು. ಅವತ್ತು ಅವಳಿಗೆ ಖುಷಿಯೂ ಇತ್ತು, ಸಿಟ್ಟೂ ಇತ್ತು. ಮದುವೆಯಾದಾಗಿಂದ ಮೊದಲ ಸಲ ತನ್ನ ಕಾದಂಬರಿಯ ಒಂದು ಅಧ್ಯಾಯ ಪೂರ್ತಿ ಬರೆದಿದ್ದಳು, "ನೊಹೆಮಿ, ಆರೆಪಾ ರೊಟ್ಟಿ ಎಲ್ಲಿ?" ಅನ್ನೋರಿಲ್ಲದೆ! ಹೆಂಗಸು ಬರೆಯೋಕೆ ಕೂತರೆ ಸಾಕು, ಮನೆಯವರಿಗೆಲ್ಲ ಆಗಲೇ ಹಸಿವು.

ಬರೆದದ್ದು ಪೆತ್ರೋನಾ ಅತ್ತೆಯ ಮನೆಯಲ್ಲಿ. ಬೀದಿಯವರೆಲ್ಲ ಅವಳನ್ನು ಅತ್ತೆ ಅಂತಲೇ ಕರೀತಿದ್ದದ್ದು. ಗಂಡ ಮಕ್ಕಳಿಲ್ಲದೆ, 'ಅಮ್ಮಾ' ಅಂತ ಯಾರೂ ಕರೀಲಿಲ್ಲವಲ್ಲ ಅಂತ ಕೊರಗಿ ಆ ವಾರವಷ್ಟೇ ಸತ್ತ ಮುದುಕಿ. ನಮ್ಮಲ್ಲಿ ಸತ್ತವರಿಗೆ ಒಂಬತ್ತು ರಾತ್ರಿ ಜಪ. ಕೊನೆಯ ರಾತ್ರಿ ಅವರನ್ನು ಕಳಿಸಿಕೊಡೋ ತನಕ ಅವರ ಕುರ್ಚಿಯಲ್ಲಿ ಯಾರೂ ಕೂರೋ ಹಾಗಿಲ್ಲ. ಅವತ್ತು ಸಂಜೆಯ ಜಪ ಮುಗಿದು ಮನೆ ಖಾಲಿಯಾಯಿತು. ನೊಹೆಮಿ ಕೂತೇಬಿಟ್ಟಳು.

"ಅತ್ತೆ, ನಿಮ್ಮ ಜಾಗ ನನಗೆ ಕೊಡಿ. ನನ್ನ ಜಾಗ ಬೇಕಾದರೆ ನೀವೇ ಇಟ್ಕೊಳ್ಳಿ, ಸಾಕಾಗಿಹೋಗಿದೆ!" ಅಂದಳಂತೆ.

ಮನೆ ಬಾಗಿಲಿಗೆ ಬಂದಾಗ ಒಳಗೆ ಮಗಳು ಯೂರಿ ಕರೆದಳು, "ಅಮ್ಮಾ, ನೀರು..."

"ಬಂದೆ ಕಂದಾ."

ಉತ್ತರ ಬಂದದ್ದು ಒಳಗಿಂದ. ನೊಹೆಮಿಯದೇ ದನಿ. ಚಪ್ಪಲಿ ಎಳೆಯುವ ಸರ್... ಸರ್... ಲೋಟ ಇಟ್ಟ ಟಣ್.

ನೊಹೆಮಿ ದಬದಬ ಬಾಗಿಲು ಬಡಿದಳು.

"ಯಾರದು?" ಗಂಡ ದಾಗೊ ಪಿಸುಗುಟ್ಟಿದ.

"ನಾನು ಕಣೋ!"

"ಸುಮ್ಮನೆ ಹೋಗಮ್ಮ... ನನ್ನ ಹೆಂಡತಿ ಒಳಗಿದ್ದಾಳೆ."

ಉರಿದುಬಿದ್ದಳು ನೋಡಿ! "ಎದ್ದು ಮಗೂಗೆ ಒಂದು ಲೋಟ ನೀರು ಕೊಡೋಕೆ ನಿನ್ನ ಸೊಂಟ ಬಿದ್ದುಹೋಗಿತ್ತೇನೋ, ಸೋಮಾರಿ? ನಿನ್ನ ಚಾಕರಿಗೆ ದೆವ್ವ ಬರಬೇಕೇನೋ?"

ಖಟ್. ಚಿಲಕ ತೆಗೆದ. ಬೈಗುಳ ಕೇಳಿದ ಮೇಲೇ ಇವಳು ಹೆಂಡತಿ ಅಂತ ಅವನಿಗೆ ಗೊತ್ತಾದದ್ದು. ಒಳಗಿದ್ದವಳು ಸಂಜೆಯಿಂದ ಒಂದು ಸಲವೂ ರೇಗಿರಲಿಲ್ಲವಂತೆ! ಅಡುಗೆಮನೆಗೆ ಹೋಗಿ ನೋಡಿದರೆ... ಯಾರೂ ಇಲ್ಲ.

ಒಂಬತ್ತನೇ ರಾತ್ರಿ ದೀಪ ಆರಿಸಿ, ಬಾಗಿಲು ತೆರೆದು, ದಾರಿ ಬಿಟ್ಟು ನಿಂತೆವು. ಅತ್ತೆ ಹೋದಳು ಅಂದುಕೊಂಡೆವು. ನೊಹೆಮಿ ಬರೆಯೋದು ಅಲ್ಲಿಗೇ ನಿಲ್ಲಿಸಿದಳು. ಅವತ್ತು ಮಗಳ ಪಕ್ಕದಲ್ಲೇ ಮಲಗಿದಳು.

ನಡುರಾತ್ರಿ ಯೂರಿ ಕರೆದಳು, "ಅಮ್ಮಾ..."

"ಇಲ್ಲೇ ಇದ್ದೀನಿ ಕಂದಾ."

"ನಿನ್ನನ್ನಲ್ಲ," ಅಂತ ಮಗು ಸಿಡುಕಿ ಆ ಕಡೆ ಹೊರಳಿತು.

ನಂಬದಿದ್ದರೆ ಬಿಡಿ. ಬೆಳಗ್ಗೆ ನೊಹೆಮಿ ಮಗುವನ್ನು ಎತ್ತಿಕೊಂಡು ಅಳುತ್ತಾ ನಮ್ಮ ಮನೆಗೇ ಬಂದಳು, ನಾನೇ ಕಣ್ಣಾರೆ ನೋಡಿದೆ. ಬಿಟ್ಟ ಕೂದಲಲ್ಲಿ ಮಲಗಿದ್ದ ಮಗುವಿಗೆ ಯಾರೋ ಎರಡು ಜಡೆ ಹೆಣೆದಿದ್ದರು.