ಹಡಗು ಅಡ್ಡ ನಿಂತಿತ್ತು

ಲಾಂಡ್ರೀಲಿ ಕಣ್ಲಾ, ಲಾಂಡ್ರೀಲಿ! ಎಷ್ಟು ಸಲ ಹೇಳ್ಲಿ ನಿಂಗೆ? ಆವತ್ತು ನಾನು ಹಡಗಿನ ಹೊಟ್ಟೇಲಿ ಬೆಡ್‌ಶೀಟ್ ಒಗೀತಿದ್ದೆ. ನಿಮ್ಮವ್ವ ಸಮುದ್ರ ನೋಡುದ್ರೋ ಇಲ್ವೋ ಅಂತ ನನ್ನ ಕೇಳುದ್ರೆ... ನಾನೇ ಆವತ್ತು ಸಮುದ್ರ ನೋಡ್ನಿಲ್ಲ! ಲಾಂಡ್ರಿಗೆ ಕಿಟಕಿ ಎಲ್ಲಿರ್ತದೆ?

ನೋಡಿರ್ತಾರೆ ಬುಡು. ಬೊಂಬಾಯಿ ಬಂದರಿನ ಗಂಟ ಹೋದೋರ್ಗೆ ಸಮುದ್ರ ಕಾಣ್ದೆ ಇರ್ತದಾ? ನೀನು ಸುಮ್ಕೆ ತಲೆ ಕೆಡಿಸ್ಕಬ್ಯಾಡ. ಶ್ರೀರಂಗಪಟ್ಟಣಕ್ಕೋಗಿ ಕಾವೇರಿಗೆ ಬುಟ್ಬುಡು ಬೂದೀನ, ಎಲ್ಲಾರ್ನೂ ಬುಟ್ಟಂಗೆ. ಅದಕ್ಕೋಸ್ಕರ ಅಷ್ಟು ದೂರ ಸಮುದ್ರ ಹುಡಿಕ್ಕಂಡು ಯಾಕೋಯ್ತೀಯ?

ಕೂತ್ಕೊ. ಆ ಸ್ಟೂಲ್ ಎಳ್ಕೊ. ಬಟ್ಟೆ ಗಂಟಿನ ಮ್ಯಾಲೆ ಕೂರಬ್ಯಾಡ, ಬ್ಯಾಂಕಿನೋರ ಷರ್ಟವೆ, ಈಗಿನ್ನೂ ಇಸ್ತ್ರಿ ಹಾಕಿವ್ನಿ. ಕುಡಿಕೆ ಎಲ್ಲಿಟ್ಟೆ? ಓ... ಹೊಂಗೆ ಮರಕ್ಕೆ ನೇತಾಕಿದ್ದೀಯ. ಸರಿ ಸರಿ. ಬೂದಿ ಒಳಕ್ಕೆ ತರಬಾರ್ದು. ಕಾಣ್ತದೆ ಇಲ್ಲಿಂದ, ಕೆಂಪು ಬಟ್ಟೆ. ನೋಡ್ಲಾ ವಿಚಿತ್ರವ! ನಿಮ್ಮವ್ವ ಸಿದ್ದಮ್ಮಾರು ಬಾಗ್ಲಿಂದಾಚೆ, ನಾನು ಒಳಗೆ!

ಯಾಕ್ಲಾ ಹಂಗ್ ನೋಡ್ತೀಯ? ತಪ್ಪಾಯ್ತು ಬುಡು. ತಲೆ ಬೋಳಿಸ್ಕಂಡು ಬಂದಿರೋನ ಮುಂದೆ ತಮಾಷೆ ಮಾಡ್ಬಾರ್ದು. ಅವ್ವ ಹೋದ್ರು ಅಂತ ಇಲ್ಲೇ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಯಾರೋ ಅಂದ್ರು. ಬೆಂಕಿ ಇಡೋ ಹೊತ್ಗೆ ಬರ್ಬೇಕು ಅನ್ಕಂಡೆ. ಬರ್ನಿಲ್ಲ. ಬಂದಿದ್ರೆ ನಿಮ್ಮೋರು ಎಲ್ಲಿ ನಿಲ್ಲಿಸ್ತಿದ್ರೋ!

ಅಲ್ಲ ಕಣ್ಲಾ ಬಾಲರಾಜು, ಆಗ್ಲೇ ನಾನು ನೀರು ಕೊಟ್ಟೆ, ನೀನು ಗಟಗಟ ಅಂತ ಒಂದೇ ಉಸ್ರಿಗೆ ಕುಡುದ್ಬುಟ್ಟೆ! ನಿಮ್ಮಪ್ಪ ಚೆಲುವಯ್ನೋರು ಬದುಕಿದ್ದು ನೋಡಿದ್ರೆ ರಾಮನಗರದ ರಸ್ತೇಲೇ ಎದೆ ಒಡ್ಕಳೋರು. ಕೇರಿ ಮುನೇಶನ ಕೈ ನೀರು, ಅದೂ ಲೋಟ ಕಚ್ಚಿ! ನಗ್ತೀಯಾ? ನಗು, ನಗು. ನೀನು ಯಾವತ್ತು ಬೊಗಸೆ ಒಡ್ಡಿ ಬಗ್ಗಿ ಕುಡಿದಿದ್ದೀಯ? ಊರಲ್ಲಾಗಿದ್ರೆ ನಿನ್ನ ನಾನು 'ಬುದ್ಧಿ' ಅನ್ಬೇಕಾಗಿತ್ತು. ಇಲ್ಲಿ 'ಲೇ' ಅಂತೀನಿ. ಒಂದೇ ಸ್ಕೂಲಲ್ಲಿ ಓದ್ದೋರು, ಅನ್ನಿಸ್ಕೊ.

ತಗೊ, ಇನ್ನೊಂದು ಲೋಟ. ಅಕ್ಕೂರು ಕಡೆಯಿಂದ ಈ ಬಿಸ್ಲಲ್ಲಿ ಬೈಕ್ ಓಡಿಸ್ಕಂಡು ಬಂದಿದ್ದೀಯ.

ಸಿಟ್ಟು ಯಾರ ಮ್ಯಾಲೆ ಮಾಡ್ಕಬೇಕು ಗೊತ್ತಾ ನೀನು? ನಿನ್ನ ಗೊಬ್ಬರದ ಕಂಪನಿ ಮ್ಯಾಲೆ. ಚನ್ನಪಟ್ಟಣದಲ್ಲಿ ಎಲ್ಲಾರ್ಗಿಂತ ಜಾಸ್ತಿ ಮೂಟೆ ಮಾರ್ದೆ ಅಂತ ನಿಂಗೆ ಹಡಗಿನ ಟೂರು. ಇಬ್ಬರಿಗೆ, ಲಕ್ಷದ್ವೀಪಕ್ಕೆ. ನಿನ್ನೆಂಡ್ರು ಬಾಣಂತಿ ಅಂತ ನೀನು ಅಪ್ಪ-ಅವ್ವನ್ನ ಕಳುಸ್ದೆ. ಒಳ್ಳೆ ಮಗ ಬುಡು, ತಪ್ಪು ಅನ್ನಲ್ಲ. ಆದ್ರೆ ಆ ಕರೋನ ಟೈಮಲ್ಲಿ ಹಡಗಿಗೆ ಯಾವನಾದ್ರೂ ಕಳುಸ್ತಾನಾ? ಒಳಗಿದ್ದೋರ್ಗೆ ಗೊತ್ತು ಅದರ ಕತೆ.

ರೂಲ್ಸು ಅಂದ್ರೆ ಏನ್ ರೂಲ್ಸು! ಮೊದ್ಲು ಒಂದು ಸೂಜಿ ಚುಚ್ಚಿಸ್ಕಂಡಿದ್ರೆ ಸಾಕು ಅಂದ್ರು. ಆಮ್ಯಾಲೆ ಎರಡು ಆಗಿರ್ಬೇಕು. ಆಮ್ಯಾಲೆ ಎರಡಾಗಿ ಇಷ್ಟು ದಿನ ಕಳೆದಿರ್ಬೇಕು, ಜತೆಗೆ ಮೂಗಿಗೆ ಕಡ್ಡಿ ಹಾಕ್ಸಿ ನೆಗೆಟಿವ್ ಅಂತ ತಂದಿರ್ಬೇಕು. ಸರ್ಕಾರದೋರು ಒಂದು ಹೇಳೋರು, ಬಂದರ್ನೋರು ಇನ್ನೊಂದು, ನಮ್ಮ ಕಂಪನಿ ಮತ್ತೊಂದು. ಹಡಗು ತುಂಬ್ನಿಲ್ಲ ಅಂದ್ರೆ ರೂಲ್ಸ್ ಸಡ್ಲ. ಟೀವೀಲಿ ಸುದ್ದಿ ಬಂದ್ರೆ ರೂಲ್ಸ್ ಬಿಗಿ. ನಾವು ಕೆಲ್ಸದೋರು ತಿಂಗ್ಳುಗಟ್ಲೆ ಬಂದರು ದಾಟಂಗಿಲ್ಲ. ಅರ್ಧ ಜನ ಜ್ವರ ಬಂದು ಮಲಗಿದ್ರು. ಅಡುಗೆಯೋನು, ಲಾಂಡ್ರಿಯೋನು ಅಂತಿಲ್ಲ, ಸಿಕ್ಕಿದೋನ್ಗೆ ಕೋಟು ಹಾಕ್ಸಿ ದಡದ ಮ್ಯಾಲಿನ ಕೌಂಟರ್ನಲ್ಲಿ ನಿಲ್ಲುಸ್ತಿದ್ರು, ಸರ್ಟಿಫಿಕೇಟ್ ನೋಡಿ ಬುಡಕ್ಕೆ.

ನನ್ನ ನಿಲ್ಲುಸ್ನಿಲ್ಲ ಬುಡು. ನಾನು ಕೆಳಗೆ.

ಒಬ್ಬ ಬಿಲ್ಡರ್ ಬಂದಿದ್ದ, ಬೆರಳಿಗೊಂದು ಉಂಗ್ರ. ಅವನ್ಗಾಗಿದ್ದು ಒಂದೇ ಡೋಸು. 'ಬನ್ನಿ ಸಾರ್, ಈ ಕಡೆ ಬನ್ನಿ' ಅಂತ ಪಕ್ಕದ ಟೇಬಲ್ಲಿಗೆ ಕರ್ಕಂಡೋದ್ರು. ಅಲ್ಲೇ ಮೂಗಿಗೆ ಕಡ್ಡಿ, ಒಂದು ಕಾಪಿ ಕುಡಿಯೋಷ್ಟ್ರಲ್ಲಿ ನೆಗೆಟಿವ್, ಹತ್ತು ಹಡಗು! ಅವನೊಬ್ಬನ್ಗಲ್ಲ, ಆ ವಾರವೆಲ್ಲ ಒಂದೇ ಡೋಸ್ ಆಗಿದ್ದೋರ್ಗೆ ಹಂಗೇ ಮಾಡಿ ಹತ್ತುಸ್ತಿದ್ರು. ಆದ್ರೆ ಬೋರ್ಡ್ ಹಾಕಿರ್ನಿಲ್ಲ ಕಣ್ಲಾ! ಕೌಂಟರ್ನೋನು ಬಾಯಿಬುಟ್ಟು 'ಆ ಟೇಬಲ್ಲಿಗೆ ಹೋಗಿ' ಅಂದ್ರೆ ಉಂಟು, ಇಲ್ದಿದ್ರೆ ಇಲ್ಲ. ದೇವ್ರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಹಂಗೆ.

ಏನು? ಹಂಗಾದ್ರೆ ನಮ್ಮಪ್ಪನ್ನ ಯಾಕೆ ಆ ಟೇಬಲ್ಲಿಗೆ ಕಳುಸ್ನಿಲ್ಲ ಅಂತ ತಾನೆ? ಬಾಯಿಬುಟ್ಟು ಕೇಳೋ ಮಾರಾಯ, ಮುಖದಲ್ಲಿ ಕೇಳಬ್ಯಾಡ.

ಆವತ್ತು ಕೌಂಟರ್ನಲ್ಲಿದ್ದೋನು ಗೋವಾದೋನು. ಅವನ್ಗೆ ಕನ್ನಡ ಒಂದಕ್ಷರ ಬರಲ್ಲ. ನಿಮ್ಮಪ್ಪನ್ಗೆ ಕನ್ನಡ ಬುಟ್ರೆ ಇನ್ನೊಂದು ಬರಲ್ಲ. ಇವ್ರು ಹೇಳಿದ್ದು ಅವನ್ಗೆ ತಿಳೀನಿಲ್ಲ, ಅವ್ನು ಹೇಳಿದ್ದು ಇವ್ರಿಗೆ ತಿಳೀನಿಲ್ಲ. 'ನೋ' ಅಂದ. ಮುಗೀತು. ಸಾಯಂಕಾಲ ಅವನೇ ಕೆಳಕ್ಕೆ ಬಂದು ಅಂದ, ನಿಮ್ಮ ಕಡೆ ಮುದುಕ-ಮುದುಕೀನ ವಾಪಸ್ ಕಳುಸ್ದೆ ಅಂತ. ಅಷ್ಟೇ ನಂಗೊತ್ತಿರೋದು. ಕನ್ನಡದೋನು ಒಬ್ಬ ಇದ್ದಿದ್ರೆ... ನಾನಿದ್ದಿದ್ರೆ ಕೈ ಹಿಡ್ಕಂಡು ಕರ್ಕಂಡೋಯ್ತಿರ್ನಿಲ್ವಾ?

ಅಲ್ಲ, ನಿಮ್ಮಪ್ಪ ಎರಡನೇ ಸೂಜಿ ಯಾಕೆ ಹಾಕುಸ್ನಿಲ್ಲ? ಹೇಳ್ಲಾ? ಮೊದಲ್ನೇದು ಹಾಕುಸ್ದಾಗ ಜ್ವರ ಬಂದು ಮಲಗಿದ್ರು. ಎರಡನೇದಕ್ಕೆ ನರ್ಸಮ್ಮ ಮನೆ ಬಾಗ್ಲಿಗೆ ಬಂದಾಗ ರೇಷ್ಮೆ ಹುಳ ಹಣ್ಣಾಗಿದ್ವು. 'ನಾನು ಮಲಗುದ್ರೆ ಹುಳಾನ ಗೂಡು ಕಟ್ಟಕ್ಕೆ ತಟ್ಟೆಗೆ ಬುಡೋರ್ಯಾರು, ಹೋಗಮ್ಮ' ಅಂದ್ರಂತೆ. ಹುಳದ ಮುಂದೆ ಜೀವ ಯಾವ ಲೆಕ್ಕ! ನಿಮ್ಮಪ್ಪನ್ಗೆ ಯಾವತ್ತೂ ಹುಳವೇ ದೊಡ್ಡದು.

ಹುಳದ ಮನೆ... ನೆನಪೈತಾ ನಿಂಗೆ? ನಿಂಗ್ಯಾಕಿರ್ತದೆ.

ನಮ್ಮವ್ವ ಮಾಯಮ್ಮ ನಿಮ್ಮ ತೋಟದಲ್ಲಿ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ತಲೆ ಮ್ಯಾಲೆ ಹೊತ್ಕಂಡು ಹುಳದ ಮನೆ ಬಾಗ್ಲಿಗೆ ತಂದ್ರೆ, 'ಅಲ್ಲೇ ನಿಲ್ಲು!' ಹೊಸ್ಲು ಮುಟ್ಟಂಗಿಲ್ಲ. ಏನು ಅಂದ್ರೆ ಹುಳಕ್ಕೆ ಸೋಂಕು ತಗುಲ್ತದೆ, ಹೊರಗಿನೋರು ಬರಬಾರ್ದು. ರೂಲ್ಸು! ಸರಿ, ಹುಳಕ್ಕೆ ರೋಗ ಬತ್ತದೆ, ಒಪ್ಕಳನ. ಹಂಗಾದ್ರೆ ಗೂಡಿನ ದಲ್ಲಾಳಿ ಚಪ್ಪಲಿ ಮೆಟ್ಕಂಡೇ ಒಳಕ್ಕೋಗೋನಲ್ಲ? ನಿಮ್ಮ ಸೋದರಮಾವ ಬೀಡಿ ಸೇದ್ಕಂಡು ಹುಳದ ತಟ್ಟೆ ಪಕ್ಕದಲ್ಲೇ ನಿಲ್ತಿದ್ನಲ್ಲ? ಅವ್ರ ಮೈಯಿಂದ ಸೋಂಕು ಬರ್ನಿಲ್ಲ, ಸೊಪ್ಪು ಕೊಯ್ಯೋಳ ಮೈಯಿಂದ ಬಂತಾ?

ಒಂದು ದಿನ ನೀನೂ ನಾನೂ ಆಡ್ತಿದ್ದಾಗ ನೀನು ಹುಳದ ಮನೆ ಒಳಕ್ಕೆ ಓಡ್ದೆ. ನಾನು ನಿನ್ನ ಹಿಂದೆ ಓಡ್ದೆ. ನೀನು ಒಳಗೆ ನಿಂತ್ಕಂಡು ನಗ್ತಿದ್ದೆ ಕಣ್ಲಾ. ನನ್ನ ನಿಮ್ಮಪ್ಪ ರಟ್ಟೆ ಹಿಡ್ದು ಆಚೆಗೆಸೆದು, ನಾನು ತುಳಿದ ನೆಲಕ್ಕೆಲ್ಲ ಬ್ಲೀಚಿಂಗ್ ಪೌಡ್ರು ಹುಯ್ಸುದ್ರು. ಆ ಸಲ ಹುಳಕ್ಕೆ ಸಪ್ಪೆರೋಗ ಬಂತು. ಬರೋದೇ ಇತ್ತೇನೋ. ಊರೆಲ್ಲ ಏನಂತು? ಮುನೇಶ ಹೊಕ್ಕಿದ್ನಲ್ಲ, ಅದ್ಕೇ! ನಮ್ಮವ್ವನ್ಗೆ ಕೂಲಿ ಹೋಯ್ತು. ಆಮ್ಯಾಲೆ ಅವಳು ಇಲ್ಲಿ ಬಂದು ರೇಷ್ಮೆ ಬಿಚ್ಚೋ ಬಿಸಿನೀರಲ್ಲಿ ಕೈ ಬೇಯಿಸ್ಕಂಡು ನನ್ನ ಸಾಕಿದ್ದು. ಅವಳ ಬೆರಳು ನೋಡಿದ್ದೀಯಾ ಯಾವತ್ತಾದ್ರೂ?

ಅಂಥೋರು ಕಣ್ಲಾ, ಅಂಥ ಚೆಲುವಯ್ನೋರು, ಕೌಂಟರ್ ಮುಂದೆ ಕೈ ಮುಗುದ್ರಂತೆ! 'ಒಸಿ ದಾರಿ ಮಾಡ್ಕೊಡಿ ಸಾಮಿ' ಅಂತ. ರೂಲ್ಸ್ ಅಂದ್ರೆ ಏನು ಅಂತ ಆವತ್ತು ಗೊತ್ತಾಗಿರ್ತದೆ ಅವ್ರಿಗೆ. ಹೊಸ್ಲಿಂದಾಚೆ ನಿಂತ್ಕಳೋದು ಹೆಂಗಿರ್ತದೆ ಅಂತ. ಮಾಡಿದ್ದುಣ್ಣೋ ಮಹರಾಯ!

ಕೋಪ ಬಂತಾ? ಬರ್ಲಿ. ಸತ್ತೋರ ಬಗ್ಗೆ ಹಂಗನ್ನಬಾರ್ದು. ನಂಗೊತ್ತು. ಆದ್ರೂ ಅಂತೀನಿ.

ನಿಮ್ಮವ್ವನ ಸುದ್ದಿ ಬ್ಯಾರೆ. ಅವ್ರ ಮ್ಯಾಲೆ ನಂಗೇನೂ ಇಲ್ಲ. ಎಲ್ಲಾರೂ ಎತ್ತರದಿಂದ ಬೊಗಸೆಗೆ ಹೊಯ್ತಿದ್ರೆ, ಒಂದಿನ ಸಿದ್ದಮ್ಮಾರು ಹಿತ್ಲಿಗೆ ಕರ್ದು ನಿಮ್ಮನೆ ಲೋಟದಲ್ಲೇ ನೀರು ಕೊಟ್ರು ನಂಗೆ. ನೀನು ಕುಡಿಯೋ ಲೋಟ, ನಿನ್ನ ಹೆಸ್ರು ಕೆತ್ಸಿದ್ದು. 'ಕುಡಿ ಮಗ, ಯಾರ್ಗೂ ಹೇಳಬ್ಯಾಡ' ಅಂದ್ರು. ನಾನು ಯಾರ್ಗೂ ಹೇಳ್ನಿಲ್ಲ. ಇವತ್ತೇ ಹೇಳ್ತಿರೋದು, ನಿಂಗೆ.

ಅವ್ರಿಗೆ ಎರಡೂ ಸೂಜಿ ಆಗಿತ್ತು. ಒಬ್ಬರೇ ಹತ್ತಬೋದಿತ್ತು. ಹತ್ತುತಾರಾ? ಗಂಡನ್ನ ಬುಟ್ಟು? ಪಾಪ, ಹೊಸ ಸ್ವೆಟರು, ಅದರ ಮ್ಯಾಲೆ ಹಸ್ರು ಸೀರೆ ಸೆರಗು, ಮಾಸ್ಕ್ ಗಲ್ಲಕ್ಕೆ ಜಾರಿತ್ತು. ಅವ್ರಿಗೆ ಡೋಸೂ ಬ್ಯಾಡ ಗೀಸೂ ಬ್ಯಾಡ, ನಿಮ್ಮಪ್ಪ ಅತ್ಲಾಗೆ ಕೈ ಮುಗೀತಿದ್ರೆ ಇವ್ರು ಬಗ್ಗಿ ಬಗ್ಗಿ ಸಮುದ್ರ ಹುಡುಕ್ತಾವ್ರೆ! ಎಲ್ಲಿ ಕಾಣ್ತದೆ? ಹಡಗು ಅಡ್ಡ ನಿಂತಿತ್ತು ಕಣೋ. ಹತ್ತಂತಸ್ತಿನ ಹಡಗು, ಗೋಡೆ ಇದ್ದಂಗೆ. ಆ ಕಡೆ ಒಂದು ಹನಿ ನೀರು ಕಾಣಲ್ಲ. ಏನಂದ್ರು ಗೊತ್ತಾ? 'ಈ ಹಡಗ್ನ ಒಸಿ ಆಚೆಗೆ ಸರಿಸ್ತೀರೇನಪ್ಪಾ, ಸಮುದ್ರ ನೋಡ್ಕಂಡು ಹೊಂಟೋಯ್ತೀನಿ' ಅಂದ್ರು! ಹಹ್ಹ! ಹಡಗ್ನ ಸರ್ಸಿ ಅಂದ್ರು ಕಣ್ಲಾ, ಎತ್ತಿನ ಗಾಡಿ ಸರ್ಸಿ ಅನ್ನಂಗೆ...

ಯಾಕ್ಲಾ? ಯಾಕೆ ನಗಲ್ಲ? ಕುಡಿಯಕ್ಕೆ ಎತ್ತಿದ ಲೋಟ ಯಾಕೆ ಕೆಳಗಿಟ್ಟೆ?

ಗೋವಾದೋನು ಹೇಳ್ದ ಕಣ್ಲಾ. ಅವನೇ ನಕ್ಕಂಡು ನಕ್ಕಂಡು...

ಬರಲ್ಲ. ಹೌದು. ಅವನ್ಗೆ ಕನ್ನಡ ಬರಲ್ಲ. ನಾನೇ ಅಂದ್ನಲ್ಲ ಆಗ್ಲೆ.

ಹಂಗ್ ನೋಡಬ್ಯಾಡ್ವೋ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಳಕ್ಕೆ ನಾನೇನು... ಓಹೋ, ಗೊತ್ತಾಯ್ತು ಬುಡು! ನಿಂಗೆ ಎಲ್ಲಾ ಗೊತ್ತಿತ್ತು! ನಿಮ್ಮವ್ವ ಹೇಳವ್ರೆ. ಅದ್ಕೇ ಬಂದಿದ್ದೀಯ. ಸಮುದ್ರ ನೋಡುದ್ರಾ, ಬೂದಿ ಎಲ್ಲಿ ಬುಡ್ಲಿ ಅಂತ ನೆಪ ಮಾಡ್ಕಂಡು, ನನ್ನ ಬಾಯಲ್ಲೇ ಕಕ್ಕುಸಕ್ಕೆ...

ಇಲ್ವಾ? ತಲೆ ಅಲ್ಲಾಡಿಸ್ತೀಯ. ಹೇಳ್ನಿಲ್ವಾ? ಸಾಯೋ ಗಂಟ?

ನಿಮ್ಮಪ್ಪನ್ಗೂ ಹೇಳ್ನಿಲ್ವಾ?

ಯಾರ್ಗೂ ಹೇಳ್ನಿಲ್ಲ.

ಮಾಸ್ಕ್ ಹಾಕಿದ್ದೆ ಕಣ್ಲಾ ನಾನು! ಕೋಟು, ಟೋಪಿ, ಕೈಗೆ ಗ್ಲೌಸು. ನಿಮ್ಮಪ್ಪನ್ಗೆ ಗುರ್ತೇ ಸಿಗ್ನಿಲ್ಲ. ಯಾವನಿಗೆ ಸಿಗ್ತದೆ, ಕಣ್ಣು ಬುಟ್ರೆ ಏನೂ ಕಾಣ್ತಿರ್ನಿಲ್ಲ. ನಿಮ್ಮವ್ವ ಕಣ್ಣು ನೋಡುದ್ರು. 'ಇದು ಮಾಯಮ್ಮನ ಕಣ್ಣು. ಮಾಯಮ್ಮನ ಮಗ ಅಲ್ವೇನಪ್ಪಾ ನೀನು' ಅಂದ್ರು. ಮೆಲ್ಲಗೆ, ಗಂಡನ್ಗೆ ಕೇಳುಸ್ದಂಗೆ. ನಾನು... ಇಂಗ್ಲಿಷಲ್ಲಿ ಏನೋ ಅಂದೆ. ಹಿಂದೆ ಕ್ಯೂ ಇತ್ತು ಕಣ್ಲಾ! ರೂಲ್ಸ್ ನಾನು ಮಾಡಿದ್ದಾ? ನಿಮ್ಮಪ್ಪನ್ಗೆ ಒಂದೇ ಡೋಸ್ ಆಗಿತ್ತು, ರೂಲ್ಸ್ ಪ್ರಕಾರ...

ಟೇಬಲ್ಲು. ಹೂಂ. ಪಕ್ಕದಲ್ಲೇ ಇತ್ತು.

ಆ ಲೋಟಾನೇ ಯಾಕೆ ನೋಡ್ತೀಯ? ನಾನೆಲ್ಲಿ ಅಂದೆ ನಿಮ್ಮವ್ವ ನೀರು ಕೇಳುದ್ರು, ನಾನು ಕೊಡ್ನಿಲ್ಲ ಅಂತ? ನಾನು ಅಂದ್ನಾ? ನೀರಿನ ಮಾತೇ ಎತ್ನಿಲ್ವಲ್ಲ ನಾನು...

ಎದ್ದ್ಯಾ? ತಾಳ್ಲಾ. ಶ್ರೀರಂಗಪಟ್ಟಣಕ್ಕೆ ಬ್ಯಾಡ. ಸಮುದ್ರಕ್ಕೆ ಒಯ್ಯಿ ಅವ್ವನ್ನ. ಹಡಗು ಗಿಡಗು ಏನೂ ಇಲ್ದೆ ಇರೋ ಕಡೆಗೆ ಒಯ್ಯಿ. ಸಮುದ್ರ ನೋಡ್ನಿಲ್ಲ ಅವ್ರು.

ನೀರು ಕುಡ್ದು ಹೋಗು ಬಾಲರಾಜು. ಆಗ್ಲೇ ಕುಡಿದ್ಯಲ್ಲ, ಅದೇ ನೀರು, ಅದೇ ಲೋಟ. ಬ್ಯಾಡ್ವಾ? ಹಂಗಾದ್ರೆ ಕೇರಿಯೋನ ಕೈ ನೀರು ನಮಗಾಗಲ್ಲ ಅನ್ಲಾ! ನಿಮ್ಮಪ್ಪ ಅಂದಂಗೆ ಅನ್ಬುಟ್ಟು ಹೋಗು. ಅದು ನಂಗೆ ಅಭ್ಯಾಸ ಐತೆ, ತಡ್ಕತೀನಿ. ಸುಮ್ಕೆ ಹಿಂಗೆ... ತುಂಬಿದ ಲೋಟ ಇಟ್ಟೋಗಬ್ಯಾಡ ಕಣ್ಲಾ. ಅನ್ಲಾ ಬಾಲರಾಜು. ಜಾತಿ ಅಂತ ಅನ್ಲಾ...