ಬಾವಿಗೆ ಇಳಿಸಿದ ಬಿದಿರು

ಆ ಟಿ.ವಿ. ಆರಿಸಿ, ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಇದು ಅವರಿವರ ಬಾಯಿಂದ ಬಂದದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು ತನುಜಾಗೆ ಆದದ್ದು. ಆಲ್ದೂರಿನ ಆಚೆ ಒಂದು ಕಾಫಿ ತೋಟದಲ್ಲಿ, ಹೋದ ಫೆಬ್ರವರಿಯಲ್ಲಿ.

ರಾತ್ರಿ ಎಂಟು ಗಂಟೆ. ತನುಜಾ ಮತ್ತು ತೋಟದ ಮೇಸ್ತ್ರಿ ಸುಬ್ಬಣ್ಣ ಹಳೇ ಬಾವಿಯ ಪಕ್ಕದ ಕಾಲುದಾರಿಯಲ್ಲಿ ಬರುತ್ತಿದ್ದರು. ಆ ಬಾವಿಗೆ ಕಟ್ಟೆ ಇಲ್ಲ. ನೆಲಮಟ್ಟಕ್ಕೇ ಬಾಯಿ. ಟಾರ್ಚು ಬಿಟ್ಟವಳು ಅಲ್ಲೇ ನಿಂತುಬಿಟ್ಟಳು...

ಬಾವಿಯೊಳಗೆ ಒಂದು ಬಿದಿರು ಇಳಿಬಿದ್ದಿತ್ತು. ಗೆಣ್ಣುಗೆಣ್ಣಿಗೂ ಕಾಲಿಡಲು ಕವಲಿನ ಮೋಟು ಉಳಿಸಿ ಕಡಿದ, ಮೆಣಸು ಕುಯ್ಯುವವರು ಹತ್ತುವಂಥ ಒಂಟಿ ಬಿದಿರು. ತುದಿಯಲ್ಲಿ ಕೆಂಪು ಸೀರೆಯ ಚೂರು. ನಿನ್ನೆ ಸಂಜೆ ಅದನ್ನು ಎಳೆದು ಪೊದೆಗೆ ಎಸೆದವಳು ತನುಜಾನೇ. ಮೊನ್ನೆಯೂ ಎಳೆದು ಮರಕ್ಕೆ ಒರಗಿಸಿದ್ದಳು.

"ಯಾರು ಸುಬ್ಬಣ್ಣ ಇದನ್ನ ಮತ್ತೆ ಇಟ್ಟಿದ್ದು?"

ಸುಬ್ಬಣ್ಣ ಎರಡು ಹೆಜ್ಜೆ ಹಿಂದೆ ಸರಿದ. ತನುಜಾಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಮೂರು ತಿಂಗಳಿಂದ ಅವಳು ಆ ತೋಟದಲ್ಲಿ ಉಣ್ಣೆಹುಳಕ್ಕೆ ರಕ್ತ ಕೊಡುತ್ತಿದ್ದಳು. ತೋಟಗಳ ನಡುವೆ ಚೂರುಚೂರಾಗಿ ಉಳಿದ ಕಾಡಿನಲ್ಲಿ ಯಾವ ಪ್ರಾಣಿ ಉಳಿದಿದೆ, ಒಂದು ಚೂರಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ನೋಡುವುದು ಅವಳ ಓದು, ಅವಳ ಕೆಲಸ. ಬಾವಿಯ ಹಿಂದೆ ಹಾಗೆ ಎರಡು ಕಾಡು ಸೇರಿಸುವ ಒಂದು ಪಟ್ಟಿ ಇತ್ತು. ತೋಟದ ಸಾಹುಕಾರರು ಓಂಕಾರಮೂರ್ತಿ ಅದನ್ನು ಕಡಿಸಿ ಕಾಫಿ ಹಾಕಬೇಕು ಅಂತಿದ್ದರು. ತನುಜಾ ಹೋಗಿ ಕೈಮುಗಿದು ಕೇಳಿಕೊಂಡಾಗ ಅವರು ಹೇಳಿದ್ದು ಇಷ್ಟೇ: ಒಂದು ಅಪರೂಪದ ಪ್ರಾಣಿ ಇಲ್ಲಿ ದಾಟಿದ ಫೋಟೊ ತೋರಿಸಿದರೆ ಪಟ್ಟಿ ಉಳಿಯುತ್ತದೆ, ಇಲ್ಲವಾದರೆ ಜೆಸಿಬಿ ಬರುತ್ತದೆ. ಕೊಟ್ಟ ಗಡುವು ಈ ರಾತ್ರಿ ಕಳೆದು ಬೆಳಿಗ್ಗೆ ಆರಕ್ಕೆ ಮುಗಿಯುತ್ತಿತ್ತು.

ಬಾವಿಯ ಎದುರಿನ ಮರಕ್ಕೆ ಕ್ಯಾಮೆರಾ ಕಟ್ಟಿದ್ದಳು. ಎದುರಿಗೆ ಏನಾದರೂ ಅಲ್ಲಾಡಿದರೆ ಅದು ತಾನೇ ಮೂರು ಫೋಟೊ ಹೊಡೆಯುತ್ತದೆ. ಹೊಡೆದಿತ್ತು ಕೂಡ. ಸಾವಿರದ ಮೇಲೆ ಫೋಟೊ... ಎಲ್ಲದರಲ್ಲೂ ಬಿಸಿಲಿಗೆ ಕಾದು ಗಾಳಿಗೆ ಪಟಪಟ ಆಡುವ ಕೆಂಪು ಬಟ್ಟೆ. ಹಾಕಿದ ಬ್ಯಾಟರಿಯೆಲ್ಲ ಅದಕ್ಕೇ ಖಾಲಿಯಾಗುತ್ತಿತ್ತು. ಕ್ಯಾಮೆರಾ ಬೇರೆ ಕಡೆ ಕಟ್ಟೋಣವೆಂದರೆ ಹಾಗಿಲ್ಲ. ನಕ್ಷೆಯ ಮೇಲೆ ಚೌಕ ಹಾಕಿ ಗುರುತು ಮಾಡಿದ ಜಾಗ ಅದು, ಒಂದು ಮಾರು ಸರಿಸಿದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಬಿದಿರನ್ನು ತೆಗೆದಳು. ಅವಳ ಜಾಗದಲ್ಲಿ ಅವಳಂಥವರು ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಸುಬ್ಬಣ್ಣ ಕೊನೆಗೆ ಬಾಯಿ ಬಿಟ್ಟ. ಕೂಲಿಯವರ ಲೈನ್ ಮನೆಯ ಮುದುಕಿ ಜವರಮ್ಮ ದಿನಾ ಸಂಜೆ ಕೆಲಸ ಬಿಟ್ಟು ಹೋಗುವಾಗ ಆ ಬಿದಿರು ಇಳಿಸಿ ಹೋಗುತ್ತಿದ್ದಳಂತೆ. ರಾತ್ರಿ ಯಾವ ಜೀವ ಬಿದ್ದರೂ ಹತ್ತಿ ಬರಲಿ ಅಂತ. ಬೆಳಿಗ್ಗೆ ನೀರು ಸೇದುವವರಿಗೆ ಅಡ್ಡ ಆಗದ ಹಾಗೆ ಎತ್ತಿಡುತ್ತಿದ್ದಳು. ಆ ಫೆಬ್ರವರಿಯ ಹಿಂದಿನ ಮಳೆಗಾಲದಲ್ಲೇ ಅವಳು ಜ್ವರ ಬಂದು ತೀರಿಕೊಂಡಿದ್ದಳು.

"ಮುಟ್ಬೇಡಿ ಮೇಡಂ. ನಮ್ಮಲ್ಲಿ ಯಾರೂ ಮುಟ್ಟಲ್ಲ," ಅಂದ ಪಿಸುದನಿಯಲ್ಲಿ.

"ಸತ್ತೋರು ಬಿದಿರು ಹೊರಲ್ಲ ಸುಬ್ಬಣ್ಣ."

"ಹೊರಲ್ಲ ಅಂತ ನಾನೂ ಅನ್ಕೊಂಡಿದ್ದೆ ಮಾರಾಯ್ರೆ..."

ತನುಜಾ ಕೇಳಲಿಲ್ಲ. ಬಿದಿರನ್ನು ಎಳೆದಳು. ಅಷ್ಟು ಉದ್ದದ್ದನ್ನು ಒಬ್ಬಳೇ ಹೊತ್ತು ಎರಡು ಫರ್ಲಾಂಗು ನಡೆದು, ಬಂಗಲೆ ಮುಂದಿದ್ದ ತನ್ನ ಜೀಪಿನ ಮೇಲಿನ ಕಂಬಿಗೆ ನೈಲಾನ್ ಹಗ್ಗದಿಂದ ಕಟ್ಟಿದಳು. ಎರಡು ಕಡೆ ನಾಲ್ಕು ನಾಲ್ಕು ಸುತ್ತು, ಮೇಲೆ ಗಂಟಿನ ಮೇಲೆ ಗಂಟು. ಈಗ ಇಡಲಿ ನೋಡೋಣ ಎಂದು ಹೇಳಿಕೊಂಡೇ ಮಲಗಿದಳು.

ನಸುಕಿನ ನಾಲ್ಕೂವರೆಗೆ ಎದ್ದು ಒಬ್ಬಳೇ ಹೊರಟಳು. ಜೆಸಿಬಿ ಬರುವ ಮುಂಚೆ ಕೊನೆಯ ಸಲ ಕ್ಯಾಮೆರಾದ ಕಾರ್ಡ್ ತೆಗೆಯಬೇಕಿತ್ತು. ಬಾವಿ ಹತ್ತಿರ ಬರುತ್ತಿದ್ದಂತೆ ಸದ್ದು ಕೇಳಿತು.

ಕರಕರ... ಕರಕರ... ಬುಳಕ್.

ಆಮೇಲೆ ಏನೂ ಇಲ್ಲ. ಮತ್ತೆ... ಕರಕರ...

ಬಗ್ಗಿ ಟಾರ್ಚು ಬಿಟ್ಟಳು. ನೀರಿನಲ್ಲಿ ಒಂದು ಚಿಪ್ಪುಹಂದಿ. ಉಗುರು ಕಲ್ಲಿಗೆ ಹಾಕುತ್ತದೆ, ಪಾಚಿ, ಜಾರುತ್ತದೆ, ಮುಳುಗುತ್ತದೆ, ಏಳುತ್ತದೆ. ಮೂರು ತಿಂಗಳು ಅವಳು ಕಾದ ಪ್ರಾಣಿ. ಅದು ಹತ್ತಬೇಕಾಗಿದ್ದ ಬಿದಿರನ್ನು ಅವಳೇ ಹೊತ್ತುಕೊಂಡು ಹೋಗಿದ್ದಳು.

ಓಡಿದಳು. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಜೀಪಿನ ಹತ್ತಿರ ಹೋಗಿ ಕೈ ಮೇಲೆತ್ತಿದರೆ... ಬಿದಿರು ಇಲ್ಲ. ಹಗ್ಗ ಇದೆ. ನಾಲ್ಕು ನಾಲ್ಕು ಸುತ್ತು, ಗಂಟಿನ ಮೇಲೆ ಗಂಟು, ಹೇಗೆ ಕಟ್ಟಿದ್ದಳೋ ಹಾಗೇ. ಮಧ್ಯೆ ಬರೀ ಗಾಳಿ. ಅವಳಿಗೆ ಹೆದರಿಕೆ ಆಗಲಿಲ್ಲ, ಅಳು ಬಂತು. ಯಾರಿಗೆ ಎಂದು ಗೊತ್ತಿಲ್ಲದೆ ಬೈಯುತ್ತಾ ಬರಿಗೈಯಲ್ಲಿ ವಾಪಸ್ ಓಡಿದಳು.

ಅರ್ಧ ದಾರಿಯಲ್ಲಿ ಕೇಳಿತು. ಜರ್... ಅಂತ ಬಿದಿರು ಕಲ್ಲಿಗೆ ಉಜ್ಜಿಕೊಂಡು ಇಳಿಯುವ ಸದ್ದು. ಆಮೇಲೆ ಗೆಣ್ಣಿಗೆ ಉಗುರು ತಾಗುವುದು. ಟಕ್... ಟಕ್... ಟಕ್...

ಬಾವಿ ಮುಟ್ಟಿದಾಗ ಬಿದಿರು ಒಳಗಿತ್ತು. ಬುಡದಿಂದ ತುದಿಯವರೆಗೆ ಒದ್ದೆ. ನೀರಿನ ಗುರುತು ಬಾವಿಯಿಂದ ಕಾಡಿನ ಪಟ್ಟಿಯೊಳಕ್ಕೆ ಹೋಗಿತ್ತು.

ಆರು ಗಂಟೆಗೆ ಓಂಕಾರಮೂರ್ತಿಯವರ ಜಗುಲಿಯ ಮೇಲೆ ಕ್ಯಾಮೆರಾದ ಕಾರ್ಡ್ ಹಾಕಿ ಲ್ಯಾಪ್‌ಟಾಪ್ ತೆರೆದಳು. ಮೊದಲು ಬಾವಿಗೆ ಬಗ್ಗಿ ನೋಡುತ್ತಿರುವ ತಾನು. ಒಂಬತ್ತು ನಿಮಿಷ ಬಿಟ್ಟು ಒಂದರ ಹಿಂದೆ ಒಂದು ಮೂರು ಫೋಟೊ. ಮೊದಲನೆಯದರಲ್ಲಿ ಬರೀ ಬಾವಿ. ಎರಡನೆಯದರಲ್ಲಿ ಬಾವಿ, ಬಿದಿರು, ಕೆಂಪು ಬಟ್ಟೆ. ಮೂರನೆಯದೂ ಹಾಗೇ. ಒಂದೊಂದು ಸೆಕೆಂಡಿನ ಅಂತರ, ಯಾರೂ ಇಲ್ಲ. ಅದಾದ ಮೇಲೆ ಬಾವಿಯ ಅಂಚಿಗೆ ಮುಂಗಾಲು ಹಾಕಿದ ಚಿಪ್ಪುಹಂದಿ.

ತನುಜಾ ನಕ್ಷೆ ಬಿಡಿಸಿ ವಿವರಿಸಲು ಶುರು ಮಾಡಿದಳು. ಅವರು ಚಿಪ್ಪುಹಂದಿಯನ್ನು ನೋಡಲೇ ಇಲ್ಲ. ಒಂದನೇ ಫೋಟೊ, ಎರಡನೇ ಫೋಟೊ, ಮತ್ತೆ ಒಂದನೇದು, ಮತ್ತೆ ಎರಡನೇದು... ಹಿಂದೆ ಮುಂದೆ ಮಾಡುತ್ತಾ ಕೂತರು.

"ಕಟ್ಟೆ ಕಟ್ಸಿ ಅಂತ ಜವರಮ್ಮ ವರ್ಷಾ ವರ್ಷ ಕೇಳಿದ್ಲು," ಅಂದರು. "ನಾನು ಕಟ್ಸಿಲ್ಲ."

ಫೋನ್ ತೆಗೆದು ಜೆಸಿಬಿಯವನಿಗೆ ಬರಬೇಡ ಅಂದರು.

"ಸರ್, ಈ ಚಿಪ್ಪುಹಂದಿ..."

"ಆಯ್ತಮ್ಮ. ಅದೂ ಇರ್ಲಿ."

ಕಾಡು ಉಳಿಯಿತು, ನಿಜ. ಆದರೆ ತನುಜಾಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಮೂರು ತಿಂಗಳ ದುಡಿಮೆಗೆ ಬೆಲೆ ಇಲ್ಲ, ಸತ್ತ ಮುದುಕಿಯ ಭಯಕ್ಕೆ ಬೆಲೆ. ಸಾಲದ್ದಕ್ಕೆ ಅವಳ ಸಂಶೋಧನೆಯ ಗೈಡ್ ಆ ಫೋಟೊವನ್ನೂ ಲೆಕ್ಕಕ್ಕೆ ಸೇರಿಸಲಿಲ್ಲ. ಮನುಷ್ಯರು ಇಟ್ಟ ವಸ್ತು ಹತ್ತಿ ಬಂದ ಪ್ರಾಣಿ ಲೆಕ್ಕಕ್ಕಿಲ್ಲವಂತೆ. ವರದಿಯಲ್ಲಿ ಇಟ್ಟವರು ಯಾರು ಎಂಬ ಕಾಲಂ ಅವಳು ಖಾಲಿ ಬಿಟ್ಟಿದ್ದಾಳೆ. ಬಿದಿರನ್ನು ಮಾತ್ರ ಮತ್ತೆ ಮುಟ್ಟಿಲ್ಲ. ಬಟ್ಟೆಯ ಫೋಟೊಗಳನ್ನು ಬೈದುಕೊಂಡೇ ಒಂದೊಂದಾಗಿ ಅಳಿಸುತ್ತಾಳೆ.

ನಂಬದಿದ್ದರೆ ಬಿಡಿ. ಜೀಪು ಈಗ ನಮ್ಮ ಅಂಗಳದಲ್ಲೇ ನಿಂತಿದೆ. ಹಗ್ಗ ಅದರ ಮೇಲೇ ಇದೆ, ಗಂಟು ಬಿಚ್ಚಿಲ್ಲ. ಬೆಳಿಗ್ಗೆ ಎದ್ದು ನೀವೇ ನೋಡಿ... ಸುತ್ತಿನೊಳಗೆ ಇನ್ನೂ ಬಿದಿರಿನಷ್ಟೇ ಜಾಗ ಇದೆ.